ರೂಮು ತೋರಿಸುವ ಮೊದಲಿನ ಪ್ರಶ್ನೆ

ಕೆರಿಬಿಯನ್ ದ್ವೀಪದ ಈ ಯೂನಿವರ್ಸಿಟಿಯ ಸುತ್ತ ಬೆಳಗಿನಿಂದ ಬಾಡಿಗೆ ರೂಮು ಹುಡುಕಿ ಕಾಲು ಸೋತಿದ್ದವು. ಹಾಸ್ಟೆಲ್ ತುಂಬಿದೆ. ಸೀನಿಯರ್ ಒಬ್ಬಳ ಕೋಣೆಯಲ್ಲಿ ಉಳಿದಿದ್ದೆ, ಅದನ್ನೂ ಇವತ್ತೇ ಬಿಡಬೇಕು.

ಗುಡ್ಡದ ಮೇಲಿನ ಹಳದಿ ಮನೆಯ ಕಟ್ಟೆಯಲ್ಲಿ ಮುದುಕಿಯೊಬ್ಬಳು ಹಸಿ ತೊಗರಿಕಾಯಿ ಸುಲಿಯುತ್ತಿದ್ದಳು. ಹೌದು, ನಮ್ಮ ತೊಗರಿಯೇ! ರೂಮು ಐತೇನು ಅಂತ ಕೇಳಿದರೆ ಅವಳು ತಿರುಗಿ ಕೇಳಿದ್ದು, "ನೀ ಯಾರ ಪೈಕಿ, ಮಗಳ?"

ಕೇಳಿದ್ದು ಇಂಗ್ಲಿಷಿನಲ್ಲೇ, ಆದರೆ ನನಗೆ ಕೊಪ್ಪಳವೇ ಕೇಳಿಸಿತು. ಅಲ್ಲಿ ಗೆಳತಿಗೆ ರೂಮು ಹುಡುಕುವಾಗ ಇದೇ ಪ್ರಶ್ನೆ ಕೇಳಿ, ಜಾತಿ ಗೊತ್ತಾದ ಮೇಲೆ "ಖಾಲಿ ಇಲ್ರಿ" ಅಂದಿದ್ದರು.

ಸೋತ ಕಾಲಲ್ಲೇ ವಾದಕ್ಕೆ ನಿಂತೆ. "ಬಾಡಿಗಿ ಕೊಡಾಕಿ ನಾನು. ನನ್ನ ಮಂದಿ ಯಾರಾದರ ನಿಮಗೇನು?"

ಮುದುಕಿ ತೊಗರಿ ಸುಲಿಯುತ್ತಲೇ ಅಂದಳು, "ವಕೀಲಿ ಓದಾಕ ಬಂದೀಯೇನು? ಬಿರುಗಾಳಿ ಬಂದು ಹೋದ ಮ್ಯಾಲ, ನೀ ಬದುಕಿದಿ ಅಂತ ನಾ ಯಾರಿಗೆ ಹೇಳಲಿ?"

ಕಾಲೇಜಿನ ಡಿಬೇಟಿನಲ್ಲಿ ಇಂಥ ಹೊತ್ತಿಗೆ ನಾನು ನೀರು ಕುಡಿದು ಟೈಮು ಕಳೆಯುತ್ತಿದ್ದೆ. ಇಲ್ಲಿ ನನ್ನ ಬಾಟಲಿ ಖಾಲಿ.

"ನಮ್ಮವ್ವಗ. ನಮ್ಮೂರು ತಳಕಲ್ಲಿನಾಗ ಇರತಾಳ," ಅಂದೆ. "ಆದರ ಅಕಿಗೆ ಇಂಗ್ಲಿಷ್ ಬರೂದಿಲ್ಲ."

"ಹಂಗಾರ ನಿಮ್ಮ ಮಾತು ಕಲಿಸು."

"ಅರಾಮ ಅದಾಳ," ಕನ್ನಡದಲ್ಲಿ ಅಂದೆ. "ಅಷ್ಟಂದರ ಸಾಕು, ನಾ ಬದುಕೀನಿ ಅಂತ ಅವ್ವಗ ತಿಳೀತೈತಿ."

ಅವಳು ಬುಟ್ಟಿ ಬದಿಗಿಟ್ಟು ಕೀಲಿ ತರಲು ಎದ್ದಳು. "ಅರಾಮ ದಾಲ, ಅರಾಮ ದಾಲ," ಅಂತ ಒಳಗಿನಿಂದ ಕೇಳಿಸುತ್ತಿತ್ತು. ರೂಮು ಇನ್ನೂ ನೋಡಿರಲಿಲ್ಲ. ಬ್ಯಾಗು ಕಟ್ಟೆಯ ಮೇಲೆ ಇಳಿಸಿದೆ.