ಉಲ್ಟಾ ಬೋರ್ಡು

ನಮ್ಮ ಮನೆಯ ಇಸ್ತ್ರಿಪೆಟ್ಟಿಗೆಯನ್ನು ಮುಟ್ಟುವ ಹಕ್ಕು ನನಗಿಲ್ಲ. ಒಮ್ಮೆ ಅದರಿಂದ ತಾಮ್ರದ ಹಲಗೆಗೆ ಇಸ್ತ್ರಿ ಹಾಕಿದ್ದೆ. ಮರುದಿನ ಯಾರದೋ ಮದುವೆಯ ರವಕೆಯ ಬೆನ್ನಿನ ಮೇಲೆ ಕಪ್ಪು ಗೆರೆಗಳು ಮೂಡಿದವು. ಹೆಂಡತಿ ಶಾಂಭವಿ ಅಂಬಲಪಾಡಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ರವಕೆ ಹೊಲಿಯುವವಳು. ತಪ್ಪು ನನ್ನದೇ. ಹಾಗೆಂದು ಮನೆಯಲ್ಲೇ ಸರ್ಕಿಟ್ ಬೋರ್ಡು ಮಾಡುವ ಹವ್ಯಾಸ ಬಿಡುವ ಜಾಯಮಾನ ನನ್ನದಲ್ಲ. ಕಾರ್ಕಳದಲ್ಲಿ ಮುಚ್ಚುತ್ತಿದ್ದ ಜೆರಾಕ್ಸ್ ಅಂಗಡಿಯಿಂದ ಹಳೆಯ ಲ್ಯಾಮಿನೇಟರ್ ಹೊತ್ತು ತಂದೆ. ಎಷ್ಟು ರೇಷನ್ ಕಾರ್ಡುಗಳಿಗೆ ಪ್ಲಾಸ್ಟಿಕ್ ಅಂಗಿ ತೊಡಿಸಿತ್ತೋ ಅದು. ಬಿಸಿ ಏರಿಸಿ, ಉರುಳೆಗಳ ಓಟ ತಗ್ಗಿಸಿ, ಮುಪ್ಪಿನಲ್ಲಿ ಅದಕ್ಕೆ ಹೊಸ ಉದ್ಯೋಗ ಕೊಟ್ಟೆ.

ಉದ್ಯೋಗ ಇಷ್ಟೇ. ಸರ್ಕಿಟ್ಟಿನ ನಕ್ಷೆಯನ್ನು ನುಣುಪು ಕಾಗದದ ಮೇಲೆ ಲೇಸರ್ ಪ್ರಿಂಟ್ ಮಾಡಿಸಿ, ತೆಳು ತಾಮ್ರ ಹೊದಿಸಿದ ಹಲಗೆಯ ಮೇಲೆ ಕವುಚಿ, ಲ್ಯಾಮಿನೇಟರಿನಲ್ಲಿ ಹತ್ತಾರು ಸಲ ಓಡಿಸಿದರೆ ಮಸಿ ತಾಮ್ರಕ್ಕೆ ಅಂಟುತ್ತದೆ. ಆಮೇಲೆ ರಾಸಾಯನಿಕದಲ್ಲಿ ಮುಳುಗಿಸಿದರೆ ಮಸಿಯಿಲ್ಲದ ತಾಮ್ರ ಕರಗಿ ಗೆರೆಗಳಷ್ಟೇ ಉಳಿಯುತ್ತವೆ. ಕಾಗದಕ್ಕೆ ಒಡವೆ ಅಂಗಡಿಯ ಜಾಹೀರಾತು ಪುಸ್ತಕವೇ ಶ್ರೇಷ್ಠ. ನನ್ನ ಸರ್ಕಿಟ್ಟುಗಳೆಲ್ಲ ಮದುಮಗಳ ನೆಕ್ಲೇಸಿನ ಮೇಲೆ ಹುಟ್ಟಿದವು. "ಆನ್‌ಲೈನಿನಲ್ಲಿ ಆರ್ಡರ್ ಮಾಡಿದರೆ ಚಂದದ ಬೋರ್ಡ್ ಮನೆಗೇ ಬರ್ತದಲ್ವಾ ಸರ್" ಎಂದು ಮಣಿಪಾಲದ ಪ್ರಿಂಟ್ ಅಂಗಡಿಯವನು ಕೇಳುತ್ತಾನೆ. ಬರುತ್ತದೆ. ಹೋಟೆಲಿನಿಂದ ನೀರುದೋಸೆಯೂ ಬರುತ್ತದೆ. ಹಾಗೆಂದು ಮನೆಯ ಕಾವಲಿಯನ್ನು ಬಾವಿಗೆ ಎಸೆಯುವುದುಂಟೇ?

ಈ ಹಟಕ್ಕೆ ಪರೀಕ್ಷೆ ಬಂದದ್ದು ಶಾಂಭವಿಯ ಕರೆಂಟಿನ ಹೊಲಿಗೆ ಯಂತ್ರದ ಬೋರ್ಡು ಸುಟ್ಟುಹೋದಾಗ. ಸರ್ವಿಸಿನವನು ಬಿಚ್ಚಿ ನೋಡಿ, "ಇದರ ಬೋರ್ಡ್ ಈಗ ಬರುವುದಿಲ್ಲ ಅಕ್ಕ. ಹೊಸ ಮೆಷಿನ್ ತೆಕ್ಕೊಳ್ಳಿ" ಎಂದ. ವರ್ಷಗಟ್ಟಲೆ ಅವಳ ಕಾಲಿನ ಮಾತು ಕೇಳಿದ ಯಂತ್ರ. ಅವಳು ಅದಕ್ಕೆ ಬಟ್ಟೆ ಹೊದಿಸಿದಳು. ನನಗೆ ಸಿಟ್ಟು ಬಂತು. ಅಂಗೈಯಗಲದ ಬೋರ್ಡಿಗಾಗಿ ಗಟ್ಟಿಮುಟ್ಟಾದ ಯಂತ್ರವನ್ನು ಗುಜರಿಗೆ ಹಾಕಿ ಎನ್ನಲು ಇವನು ಯಾರು?

ಸುಟ್ಟ ಬೋರ್ಡಿನ ಗೆರೆಗಳನ್ನು ನೋಡಿ ಹಾಗೆಯೇ ನಕ್ಷೆ ಬರೆದೆ. ಮೂರು ದಿನದಲ್ಲಿ ಹೊಸ ಬೋರ್ಡು ಸಿದ್ಧವಾಯಿತು, ರಾಸಾಯನಿಕಕ್ಕೆ ನನ್ನ ಬೆರಳುಗಳು ಹಳದಿಯಾದವು. ಆಮೇಲೆ ನೋಡಿದರೆ ಎಲ್ಲವೂ ಎಡಬಲ ಅದಲುಬದಲು, ಕನ್ನಡಿಯಲ್ಲಿ ಕಂಡ ಹಾಗೆ. ಕವುಚಿ ಒತ್ತುವಾಗ ಚಿತ್ರ ತಿರುಗುತ್ತದೆ, ಹಾಗಾಗಿ ಪ್ರಿಂಟಿಗೆ ಮೊದಲೇ ತಿರುಗಿಸಿಟ್ಟುಕೊಳ್ಳಬೇಕು. ಇದನ್ನು ಊರಿಗೆಲ್ಲ ಉಪದೇಶ ಮಾಡುವ ನಾನು ಸಿಟ್ಟಿನಲ್ಲಿ ಮರೆತಿದ್ದೆ. ಮನೆಯಲ್ಲಿದ್ದ ಕೊನೆಯ ತಾಮ್ರದ ಹಲಗೆ ಅದು.

ಶಾಂಭವಿ ಬೋರ್ಡನ್ನು ಕೈಗೆತ್ತಿಕೊಂಡು ಅತ್ತಿತ್ತ ಮಗುಚಿದಳು. "ಅಲ್ಲ ಮಾರಾಯ್ರೇ, ಬಟ್ಟೆಯನ್ನು ಉಲ್ಟಾ ಮಾಡಿಯೇ ನಾವು ಹೊಲಿಯುವುದಲ್ವಾ? ನಿಮ್ಮ ಸಾಮಾನು ಆಚೆ ಬದಿಯಿಂದ ಕೂರಿಸಿದರೆ ಎಂತ?"

ಎಂತವೂ ಇಲ್ಲ, ಎಡಬಲ ತಾನಾಗಿಯೇ ಸರಿಹೋಗುತ್ತದೆ. ಸಾಮಾನ್ಯವಾಗಿ ಹಿಂಬದಿಯಲ್ಲಿ ಕೂರುವ ಬಿಡಿಭಾಗಗಳನ್ನೆಲ್ಲ ತಾಮ್ರದ ಬದಿಯಿಂದಲೇ ಕೂರಿಸಿ ಬೆಸುಗೆ ಹಾಕಿದೆ. ನೋಡಲು ಚಂದವಿಲ್ಲ. ಅವಳು ಪೆಡಲಿನ ಮೇಲೆ ಕಾಲಿಟ್ಟಳು, ಯಂತ್ರ ಓಡಿತು. ನನ್ನ ಕಣ್ಣು ತುಂಬಿತು, ಸುಳ್ಳೇಕೆ ಹೇಳಲಿ.

ಮುಂದಿನ ವಾರ ಸರ್ವಿಸಿನವನು ಹೊಸ ಯಂತ್ರಗಳ ಚಿತ್ರ ಹಿಡಿದುಕೊಂಡು ಬಂದ. ಹಳೆಯದು ಕಾಪುವಿನ ಯಾರದೋ ರವಕೆಗೆ ತೋಳು ಕೂರಿಸುತ್ತಿತ್ತು.

"ಬೋರ್ಡ್ ಸಿಕ್ಕಿತಾ ಅಕ್ಕ? ಎಲ್ಲಿಂದ ತರಿಸಿದ್ದು?"

ಶಾಂಭವಿ ಪೆಡಲಿನಿಂದ ಕಾಲು ತೆಗೆಯಲಿಲ್ಲ.

"ತರಿಸಿದ್ದಲ್ಲ. ಮನೆಯಲ್ಲೇ ಹೊಲಿದದ್ದು."