ಅಪ್ಪ ಊರು ನೋಡಿದ ಚಳಿಗಾಲ

ಆಗಿನ್ನೂ ಅಲ್ ಐನಿನ ಮನೆಗಳು ಖರ್ಜೂರದ ಮರಗಳಿಗಿಂತ ಎತ್ತರಕ್ಕೆ ಬೆಳೆದಿರಲಿಲ್ಲ. ದುಬೈಯಲ್ಲಿ ದಿನಕ್ಕೊಂದು ಕಟ್ಟಡ ಏಳುತ್ತಿದೆಯಂತೆ ಎಂದು ದೊಡ್ಡವರು ಮಾತಾಡಿಕೊಳ್ಳುತ್ತಿದ್ದ ತೊಂಬತ್ತರ ದಶಕ ಅದು. ನಮ್ಮ ಊರಲ್ಲಿ ಮಣ್ಣಿನ ಕೋಟೆಗಳಿದ್ದವು, ರಸ್ತೆ ಕೂಡುವಲ್ಲೆಲ್ಲ ಹೂವಿನ ವೃತ್ತಗಳಿದ್ದವು, ಯಾವ ಬೀದಿಯಲ್ಲಿ ನಿಂತರೂ ಕೊನೆಯಲ್ಲಿ ಹಫೀತ್ ಗುಡ್ಡ ಬೋಳಾಗಿ ಕಾಣುತ್ತಿತ್ತು. ನಮ್ಮ ಊರು ಎಂದೆ. ಅಪ್ಪನಿಗೂ ಅಮ್ಮನಿಗೂ ಊರೆಂದರೆ ಕಾರ್ಕಳ. ನನಗೆ ಮಾತ್ರ ಇದೇ ಊರು. ಅಮ್ಮ ನರ್ಸಾಗಿದ್ದ ಆಸ್ಪತ್ರೆಯಲ್ಲೇ ನಾನು ಹುಟ್ಟಿದ್ದು.

ಚಳಿಗಾಲ ಬಂತೆಂದರೆ ದುಬೈ, ಅಬುಧಾಬಿಗಳಿಂದ ಜನ ಕಾರು ತುಂಬಿಕೊಂಡು ಬರುತ್ತಿದ್ದರು. ಹುಲ್ಲಿನ ಮೇಲೆ ಚಾಪೆ ಹಾಸಿ, ಇದ್ದಿಲ ಒಲೆ ಹೊತ್ತಿಸಿ ಮಾಂಸ ಸುಡುತ್ತಿದ್ದರು. ಆ ಹೊಗೆಯ ವಾಸನೆ ನಮ್ಮ ಬಾಲ್ಕನಿವರೆಗೂ ಬರುತ್ತಿತ್ತು. ಅವರೆಲ್ಲ ನೋಡಲು ಬರುತ್ತಿದ್ದ ಜಾಗಗಳಲ್ಲಿ ಒಂದನ್ನೂ ನಾವು ನೋಡಿರಲಿಲ್ಲ. ಅಮ್ಮನಿಗೆ ವಾರಕ್ಕೊಂದು ಬಗೆಯ ಡ್ಯೂಟಿ. ಅಪ್ಪ ಒಂದು ಕಟ್ಟಡ ಕಂಪನಿಯಲ್ಲಿ ನಕ್ಷೆ ಬಿಡಿಸುವವರು. ಶುಕ್ರವಾರ ರಜೆ ಸಿಕ್ಕಿದರೆ ಮೀನು ತಂದು, ಬಟ್ಟೆ ಒಗೆದು, ಮಧ್ಯಾಹ್ನ ಮಲಗುತ್ತಿದ್ದರು. ನಾನು ಎಷ್ಟು ಪೀಡಿಸಿದರೂ ಒಂದೇ ಉತ್ತರ.

"ಇಲ್ಲೇ ಉಂಟಲ್ಲ ಮಗಾ, ಎಲ್ಲಿಗೆ ಓಡಿ ಹೋಗ್ತದೆ?"

ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷದ ಚಳಿಗಾಲದಲ್ಲಿ, ಅದೇ ಅಪ್ಪ ಒಂದು ಶುಕ್ರವಾರ ಬೆಳಿಗ್ಗೆ ನನ್ನನ್ನು ಎಬ್ಬಿಸಿ, "ಹೊರಡು, ಊರು ನೋಡುವ" ಎಂದರು. ನನಗೆ ನಂಬಿಕೆಯೇ ಬರಲಿಲ್ಲ. ಅಮ್ಮ ಅಡುಗೆಮನೆಯಲ್ಲಿ ಬಾಳೆಹಣ್ಣು ಕಲಸಿದ ಹಿಟ್ಟಿನಿಂದ ಬನ್ಸ್ ಕರಿಯುತ್ತಿದ್ದಳು. ಹಿಂದಿನ ದಿನ ರಾತ್ರಿ ಡ್ಯೂಟಿ ಮುಗಿಸಿ ಬಂದವಳು ಮಲಗಿಯೇ ಇರಲಿಲ್ಲ. ಅವಳ ಕಣ್ಣು ಕೆಂಪಾಗಿದ್ದದ್ದು ನಿದ್ದೆಗೆಟ್ಟು ಎಂದುಕೊಂಡೆ.

ಮೊದಲು ಹೋದದ್ದು ಊರ ನಡುವಿನ ಖರ್ಜೂರದ ತೋಟಕ್ಕೆ. ಎರಡೂ ಬದಿ ಮಣ್ಣಿನ ಗೋಡೆ, ನಡುವೆ ನೆರಳು ತುಂಬಿದ ಕಿರಿದಾದ ದಾರಿ. ಹೊರಗಿನ ಬಿಸಿಲು ಒಳಗೆ ಬರುವಾಗಲೇ ತಣ್ಣಗಾಗುತ್ತಿತ್ತು. ಒದ್ದೆ ಮಣ್ಣು, ಕೊಳೆತ ಖರ್ಜೂರ, ಹಸಿ ಹುಲ್ಲು ಎಲ್ಲ ಸೇರಿ ಒಂದು ಸಿಹಿ ವಾಸನೆ. ಮರಗಳ ಬುಡದಲ್ಲಿ ಫಲಜ್ ಹರಿಯುತ್ತಿತ್ತು. ಗುಡ್ಡದ ಕಡೆಯಿಂದ ನೆಲದಡಿಯಲ್ಲೇ ನೀರು ತರುವ ಹಳೇ ಕಾಲದ ಕಾಲುವೆಗೆ ಅಲ್ಲಿಯವರು ಹಾಗೆನ್ನುತ್ತಾರೆ. ನಾನು ಒಣಗಿದ ಗರಿಯ ಎಸಳುಗಳನ್ನು ದೋಣಿ ಮಾಡಿ ಬಿಟ್ಟು ಅದರ ಜೊತೆ ಓಡಿದೆ. ತಿರುವಿನಲ್ಲಿ ದೋಣಿ ಸಿಕ್ಕಿಕೊಂಡರೆ ಕಡ್ಡಿಯಿಂದ ಬಿಡಿಸಿ ಮತ್ತೆ ಓಟ. ಹಿಂದಿನಿಂದ ಬರುತ್ತಿದ್ದ ಅಪ್ಪ ಇದ್ದಕ್ಕಿದ್ದಂತೆ ಕಾಲುವೆಗೆ ಕಾಲಿಟ್ಟು ಮೊಣಕಾಲವರೆಗೆ ಒದ್ದೆಯಾದರು. ನಾನು ಬಿದ್ದು ಬಿದ್ದು ನಕ್ಕೆ. ಅಪ್ಪನೂ ನಕ್ಕರು. ಅಮ್ಮ ನಗಲಿಲ್ಲ. ಓಡಿ ಬಂದು ಅವರ ತೋಳು ಹಿಡಿದಳು. ಅಲ್ಲಿಂದ ವಾಪಸು ಬರುವವರೆಗೂ ಬಿಡಲಿಲ್ಲ. ಅಪ್ಪ ಅಮ್ಮ ಕೈ ಹಿಡಿದು ನಡೆದದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ನಾಚಿಕೆಯಾಗಿ ಮುಂದೆ ಮುಂದೆ ಓಡಿದೆ.

ಮುಂದಿನ ವಾರ ಮ್ಯೂಸಿಯಮ್ಮು, ಅದರ ಪಕ್ಕದ ಕೋಟೆ. ಅದರ ಮುಂದಿನ ವಾರ ಹೀಲಿಯ ಗೋರಿ. ಸಾವಿರಾರು ವರ್ಷ ಹಿಂದಿನವರು ಕಟ್ಟಿದ ದುಂಡನೆಯ ಕಲ್ಲಿನ ಗೋರಿ ಅದು, ಪಾರ್ಕಿನ ನಡುವೆ ಇತ್ತು. ಒಳಗೆ ಹೋಗುವ ಕಿಂಡಿಯ ಮೇಲೆ ಕಲ್ಲಿನಲ್ಲಿ ಕೊರೆದ ಚಿತ್ರ. ಎರಡು ಜಿಂಕೆಗಳು, ಅವುಗಳ ನಡುವೆ ಕೈ ಹಿಡಿದು ನಿಂತ ಇಬ್ಬರು. ಅಪ್ಪ ಅದರ ಎದುರು ಬಹಳ ಹೊತ್ತು ನಿಂತರು. ಮೊದಲು ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ಹತ್ತಿರ ಹೋಗಿ ಬೆರಳಿನಿಂದ ಗೆರೆಯ ಮೇಲೆ ಗೆರೆ ಎಳೆಯುತ್ತಾ ಹೋದರು, ಬೋರ್ಡಿನ ಮೇಲೆ ನಕ್ಷೆ ಬಿಡಿಸುವಾಗ ಎಳೆಯುತ್ತಿದ್ದ ಹಾಗೆ.

"ಯಾರಪ್ಪಾ ಇವರು? ರಾಜ ರಾಣಿಯಾ?" ಎಂದೆ.

"ಯಾರೋ ಗಂಡ ಹೆಂಡತಿ ಇರಬೇಕು. ಒಟ್ಟಿಗೆ ಇದ್ದವರು."

"ಸಾಕು, ಹೊರಡುವ" ಎಂದಳು ಅಮ್ಮ. ಧ್ವನಿ ಬೇರೆಯೇ ಇತ್ತು.

ಅದಾದ ಮೇಲೆ ಅಪ್ಪ ಕಾರು ಓಡಿಸುವುದನ್ನು ಬಿಟ್ಟರು. ಕಾರು ಮನೆ ಮುಂದೆ ಕೆಲ ದಿನ ಧೂಳು ತಿಂದಿತು, ಆಮೇಲೆ ಯಾರೋ ಬಂದು ತೆಗೆದುಕೊಂಡು ಹೋದರು. ಕೇಳಿದರೆ "ಹಳೇದಾಯ್ತಲ್ಲ" ಎಂದರು ಅಪ್ಪ. ಶುಕ್ರವಾರಗಳು ಮಾತ್ರ ನಿಲ್ಲಲಿಲ್ಲ. ನಮ್ಮ ಬಿಲ್ಡಿಂಗಿನ ಕೆಳಗೆ ಬಕಾಲ ಇಟ್ಟಿದ್ದ ಹಮೀದಾಕ ಈಗ ಜೊತೆಗೆ ಬರತೊಡಗಿದರು. ಬಕಾಲ ಎಂದರೆ ಅಲ್ಲಿ ಕಿರಾಣಿ ಅಂಗಡಿ. ಹಮೀದಾಕ ಉಳ್ಳಾಲದ ಬ್ಯಾರಿ, ಹೆಂಡತಿ ಮಕ್ಕಳನ್ನು ಊರಲ್ಲೇ ಬಿಟ್ಟು ಬಂದವರು. ಜುಮ್ಮಾ ನಮಾಜು ಮುಗಿಸಿ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ, ಪಿಕಪ್ಪಿನ ಬಾಗಿಲು ತೆರೆದು "ಯಲ್ಲಾ, ಹತ್ತಿ ಹತ್ತಿ" ಎನ್ನುತ್ತಿದ್ದರು.

ಅವರ ಜೊತೆ ಒಂಟೆ ಸಂತೆ ನೋಡಿದೆವು. ಬುರೈಮಿಗೂ ಹೋದೆವು. ಅದು ಬೇರೆಯೇ ದೇಶ, ಒಮಾನ್. ಆದರೆ ಆಗ ಗೇಟೂ ಇರಲಿಲ್ಲ, ಬೇಲಿಯೂ ಇರಲಿಲ್ಲ. ಒಂದು ರಸ್ತೆ ದಾಟಿದರೆ ಅಂಗಡಿಗಳ ಬೋರ್ಡು ಬದಲಾಗುತ್ತಿತ್ತು, ಅಷ್ಟೇ. ಅಲ್ಲಿನ ಸೂಕ್ ಎಂಬ ಪೇಟೆಯಲ್ಲಿ ಒಣಮೀನು, ಲೋಬಾನ, ದೊಡ್ಡ ತಾಮ್ರದ ಪಾತ್ರೆಯಲ್ಲಿ ಕುದಿಯುವ ಹಲ್ವದ ತುಪ್ಪ ಒಟ್ಟಿಗೆ ಮೂಗಿಗೆ ಬಡಿಯುತ್ತಿದ್ದವು. ಹಮೀದಾಕ ಬಿಸಿ ಹಲ್ವವನ್ನು ಕಾಗದದಲ್ಲಿ ಹಾಕಿಸಿ ಕೊಟ್ಟರು. ಏಲಕ್ಕಿ, ಕೇಸರಿಯ ಘಮ. ಬೆರಳಿಗೆ ಅಂಟಿದ್ದನ್ನು ನಾನು ನೆಕ್ಕುತ್ತಿದ್ದರೆ ಅಪ್ಪ ಎದುರಿನಿಂದ ಬಂದ ಒಬ್ಬ ಮುದುಕನಿಗೆ ಡಿಕ್ಕಿ ಹೊಡೆದರು. ಮುದುಕ ಅರಬಿಯಲ್ಲಿ ರೇಗಿದ. ಹಮೀದಾಕ ನಡುವೆ ಹೋಗಿ ಏನೋ ಮೆಲ್ಲಗೆ ಹೇಳಿದರು. ಮುದುಕ ಸುಮ್ಮನಾದ. ಅಪ್ಪನ ಎರಡೂ ಕೈ ಹಿಡಿದು ತನ್ನ ಎದೆಗೆ ಒತ್ತಿಕೊಂಡು, ಪ್ರಾರ್ಥನೆಯಂಥದ್ದೇನೋ ಗೊಣಗಿ ಹೋದ. ಅಪ್ಪನ ಮುಖ ಬಿಳುಚಿತು. ಡಿಕ್ಕಿ ಹೊಡೆದದ್ದಕ್ಕೆ ಯಾರಾದರೂ ಆಶೀರ್ವಾದ ಮಾಡುತ್ತಾರೆಯೇ ಎಂದು ನನಗೆ ವಿಚಿತ್ರವೆನಿಸಿತು.

ಗೊತ್ತಾದದ್ದು ಹಫೀತ್ ಗುಡ್ಡದ ಮೇಲೆ.

ಸಂಜೆಗೆ ಮುಂಚೆ ಹೊರಟಿದ್ದೆವು. ಸುತ್ತಿ ಸುತ್ತಿ ಹತ್ತುವ ರಸ್ತೆ, ಕಿವಿ ಕಟ್ಟುತ್ತಿತ್ತು. ಮೇಲೆ ಚಳಿಗಾಳಿ. ಬಂಡೆಯೊಂದರ ಮೇಲೆ ಚಾಪೆ ಹಾಸಿ ಅಮ್ಮ ಫ್ಲಾಸ್ಕಿನಿಂದ ಚಾ ಬಗ್ಗಿಸಿದಳು. ಮರಳುಗಾಡಿನ ಅಂಚಿನಲ್ಲಿ ಸೂರ್ಯ ಇಳಿಯುತ್ತಿದ್ದ. ಅಪ್ಪ ನೇರ ಅದನ್ನೇ ನೋಡುತ್ತಿದ್ದರು.

"ಎಂಥ ಕೆಂಪು, ಲಲಿತಾ" ಎಂದರು ಅಮ್ಮನಿಗೆ.

ನಾನು ಪಕ್ಕದಲ್ಲಿ ಕೂತು ಬನ್ಸ್ ಚಾಚಿದೆ. "ಅಪ್ಪಾ, ತಗೊಳ್ಳಿ." ಅವರ ಕೈ ಗಾಳಿಯಲ್ಲಿ ಹುಡುಕಿತು. ನನ್ನ ಕೈ ಅಲ್ಲೇ ಇತ್ತು. ಆಟವಾಡುತ್ತಿದ್ದಾರೆ ಎಂದುಕೊಂಡು ಇನ್ನೂ ಹತ್ತಿರ ಹಿಡಿದೆ. ಅವರ ಕೈ ಚಾದ ಲೋಟಕ್ಕೆ ತಾಗಿ ಚಾ ಎಲ್ಲ ಚಾಪೆಯ ಮೇಲೆ ಚೆಲ್ಲಿತು. ಹಮೀದಾಕ ಎದ್ದು, ಟೈರು ನೋಡಿ ಬರುತ್ತೇನೆಂದು ಪಿಕಪ್ಪಿನ ಕಡೆ ಹೋದರು.

ಕತ್ತಲಾಗುತ್ತಿದ್ದಂತೆ ಕೆಳಗೆ ಊರಿನ ದೀಪಗಳು ಸಾಲು ಸಾಲಾಗಿ ಹತ್ತಿಕೊಂಡವು. ನನಗೆ ಚಾ ಚೆಲ್ಲಿದ್ದು ಮರೆತೇ ಹೋಯಿತು. "ಅಪ್ಪಾ, ಲುಕ್! ನಮ್ಮ ಶಾಲೆ ಅಲ್ಲಿ ಅಲ್ವಾ?"

"ನನಗೆ ಅಲ್ಲೊಂದು ಇಲ್ಲೊಂದು ಕಾಣ್ತದೆ ಮಗಾ. ಎಲ್ಲ ಒಟ್ಟಿಗೆ ಕಾಣುವುದಿಲ್ಲ."

ಆಮೇಲೆ ಹೇಳಿದ್ದು ಅಮ್ಮ. ಅಪ್ಪನ ಕಣ್ಣು ಅಂಚಿನಿಂದ ಒಳಗೆ ಸಾಯುತ್ತಾ ಬರುತ್ತಿದೆ. ಮೊದಲು ಇರುಳುಗುರುಡು, ಆಮೇಲೆ ಕೊಳವೆಯಲ್ಲಿ ಇಣುಕಿದ ಹಾಗೆ, ಕೊನೆಗೆ ಅದೂ ಇಲ್ಲ. ಅವಳೇ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದಳು. ಗುಣಪಡಿಸುವ ಔಷಧಿ ಇಲ್ಲ. ನಕ್ಷೆಗಳಲ್ಲಿ ತಪ್ಪು ಬೀಳತೊಡಗಿತ್ತು. ಕಂಪನಿಗೆ ಅಪ್ಪನೇ ಹೋಗಿ ಹೇಳಿಬಿಟ್ಟಿದ್ದರು. ವೀಸಾ ಆ ಚಳಿಗಾಲದ ಕೊನೆಗೆ ಮುಗಿಯುತ್ತದೆ.

"ಹಾಗಾದ್ರೆ ನಾವು ಊರಿಗೆ ಹೋಗುವುದಾ?"

"ನೀನು, ಅಪ್ಪ. ನಿನ್ನ ಅತ್ತೆ ಮನೆಯಲ್ಲಿ ಇರ್ತೀರಿ. ನಾನು ಇಲ್ಲೇ ಡ್ಯೂಟಿ ಮಾಡ್ತೇನೆ."

"ನಾನೂ ನಿನ್ನ ಜೊತೆ ಇಲ್ಲೇ ಇರ್ತೇನೆ."

"ನೈಟ್ ಡ್ಯೂಟಿ ಇದ್ದಾಗ ನಿನ್ನನ್ನು ಯಾರು ನೋಡುವುದು ಮಾರಾಯ್ತಿ?" ಅಮ್ಮ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಹಾಕಿದಳು. ಆಮೇಲೆ ಧ್ವನಿ ತಗ್ಗಿಸಿ ಹೇಳಿದಳು. "ಮತ್ತೆ, ಅಲ್ಲಿ ಅಪ್ಪನ ಕೈ ಹಿಡಿಯಲಿಕ್ಕೆ ಯಾರಾದ್ರೂ ಬೇಕಲ್ಲ."

ಅಪ್ಪ ಅದನ್ನು ಕೇಳಿಸಿಕೊಂಡರು. ಕೇಳಿಸದವರಂತೆ ಕೂತಿದ್ದರು. ನನಗೆ ಅಳು ಬಂತೋ ಇಲ್ಲವೋ ನೆನಪಿಲ್ಲ. ಇಳಿಯುವಾಗ ಪ್ರತಿ ತಿರುವಿನಲ್ಲೂ ಅಮ್ಮನ ಭುಜಕ್ಕೆ ವಾಲುತ್ತಿದ್ದೆ, ಅವಳು ತಳ್ಳಲಿಲ್ಲ ಎನ್ನುವುದು ನೆನಪಿದೆ.

ಉಳಿದ ಶುಕ್ರವಾರಗಳಲ್ಲಿ ಝೂ ನೋಡಿದೆವು, ಇನ್ನೊಂದು ಕೋಟೆ ನೋಡಿದೆವು. ಈಗ ನಾನು ಪ್ರಾಣಿಗಳನ್ನು ನೋಡುತ್ತಿರಲಿಲ್ಲ, ಅಪ್ಪನ ಪಾದ ನೋಡುತ್ತಿದ್ದೆ. ಮೆಟ್ಟಿಲು ಬಂದರೆ ಮೆಟ್ಟಿಲು ಎನ್ನುತ್ತಿದ್ದೆ, ಹೊಂಡ ಬಂದರೆ ಹೊಂಡ. ಅವರು "ಓಕೆ ಟೀಚರ್" ಎನ್ನುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ದುಬೈ ಏರ್‌ಪೋರ್ಟಿನಲ್ಲಿ ಅಮ್ಮ ನನ್ನ ಸ್ವೆಟರಿನ ಗುಂಡಿ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಅಪ್ಪನಿಗೆ, "ನೀವು ಮಾತ್ರೆ ಮರೀಬೇಡಿ. ಬಾವಿ ಹತ್ತಿರ ಒಬ್ರೇ ಹೋಗಬೇಡಿ" ಎಂದಳು. ನಾವು ಗಾಜಿನ ಆಚೆ ಹೋದ ಮೇಲೂ ಅವಳು ಹಮೀದಾಕನ ಪಕ್ಕ ನಿಂತೇ ಇದ್ದಳು. ಅಪ್ಪ ತಿರುಗಿ ಕೈ ಬೀಸಿದರು. ಅಮ್ಮ ನಿಂತಿದ್ದ ಕಡೆಗಲ್ಲ, ಬೇರೆ ಯಾರದೋ ಕುಟುಂಬ ನಿಂತಿದ್ದ ಕಡೆಗೆ. ನಾನು ಅವರ ಮೊಣಕೈ ಹಿಡಿದು ಮೆಲ್ಲಗೆ ಎಡಕ್ಕೆ ತಿರುಗಿಸಿದೆ. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಕಾರ್ಕಳದ ವರ್ಷಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅತ್ತೆ, ಎಂದರೆ ಅಪ್ಪನ ಅಕ್ಕ, ಒಳ್ಳೆಯವರು. ಶುಕ್ರವಾರ ಅಮ್ಮನ ಫೋನು ಬರುತ್ತಿತ್ತು. "ಊಟ ಆಯ್ತಾ? ಅಪ್ಪ ಹೇಗಿದ್ದಾರೆ? ಪರೀಕ್ಷೆ ಯಾವಾಗ?" ಲೈನು ಕರಕರ ಎನ್ನುತ್ತಿತ್ತು. ನಾನು ದೊಡ್ಡವಳಾದಾಗ ಹೇಳಿಕೊಟ್ಟದ್ದು ಅತ್ತೆ. ಎರಡು ವರ್ಷಕ್ಕೊಮ್ಮೆ ಅಮ್ಮ ಬರುತ್ತಿದ್ದಳು. ಪೆಟ್ಟಿಗೆ ತೆರೆದಾಗ ಸೋಪು, ಸೆಂಟು, ಹಾಲಿನ ಪುಡಿಯ ವಾಸನೆ. ಮೊದಲ ವಾರ ನನಗೆ ಅವಳ ಮುಂದೆ ಮಾತು ಬರುತ್ತಿರಲಿಲ್ಲ. ಮಾತು ಹೊಂದಿಕೊಳ್ಳುವಷ್ಟರಲ್ಲಿ ರಜೆ ಮುಗಿದಿರುತ್ತಿತ್ತು. ನಾನು ಪಿಯುಸಿಗೆ ಬರುವಾಗ ಅಪ್ಪನಿಗೆ ಹಗಲಿನ ನೋಟವೂ ಹೋಗಿತ್ತು.

ನನ್ನ ಮದುವೆಯ ಹಿಂದಿನ ವರ್ಷ ಅಮ್ಮ ಕೆಲಸ ಬಿಟ್ಟು ಬಂದಳು. ಅದಕ್ಕೆ ಮುಂಚೆಯೇ ನಾವು ಕಾರ್ಕಳದಲ್ಲಿ ಒಂದು ಸಣ್ಣ ಫ್ಲಾಟು ಮಾಡಿದ್ದೆವು. ಅಪ್ಪನಿಗೆ ಅದರ ಗೋಡೆ, ಬಾಗಿಲು, ಕುರ್ಚಿ ಎಲ್ಲ ಬಾಯಿಪಾಠ. ಅಮ್ಮನೋ ಗುಡಿಸುವಾಗ ಕುರ್ಚಿ ಸರಿಸುತ್ತಿದ್ದಳು, ಮತ್ತೆ ಜಾಗಕ್ಕೆ ಇಡಲು ಮರೆಯುತ್ತಿದ್ದಳು. ಅಪ್ಪ ಎಡವುತ್ತಿದ್ದರು. ಅವಳು ಹಣೆ ಚಚ್ಚಿಕೊಳ್ಳುತ್ತಿದ್ದಳು. ತನ್ನ ಮನೆಯಲ್ಲಿ ನೆಂಟಳ ಹಾಗೆ, ಲೋಟ ಎಲ್ಲಿದೆ, ಸಕ್ಕರೆ ಎಲ್ಲಿದೆ ಎಂದು ನನ್ನನ್ನು ಕೇಳುತ್ತಿದ್ದಳು.

ಮದುವೆಯಾಗಿ ನಾನು ಮತ್ತೆ ಅದೇ ನಾಡಿಗೆ ಬಂದೆ. ಗಂಡನಿಗೆ ದುಬೈಯ ಜೆಬೆಲ್ ಅಲಿಯಲ್ಲಿ ಕೆಲಸ, ಡಿಸ್ಕವರಿ ಗಾರ್ಡನ್ಸಿನಲ್ಲಿ ಮನೆ. ಒಂದು ರಜೆಯಲ್ಲಿ ಇಬ್ಬರೂ ಅಲ್ ಐನಿಗೆ ಹೋದೆವು. ಬುರೈಮಿಯ ರಸ್ತೆಗೆ ಅಡ್ಡವಾಗಿ ಬೇಲಿ ಬಂದಿತ್ತು, ಪಾಸ್‌ಪೋರ್ಟ್ ಕೇಳುವವರಿದ್ದರು. ನಮ್ಮ ಬಿಲ್ಡಿಂಗು ಇರಲಿಲ್ಲ. ಹಮೀದಾಕನ ಬಗ್ಗೆ ಕೇಳಿದರೆ ಯಾರಿಗೂ ಗೊತ್ತಿಲ್ಲ. ತೋಟದಲ್ಲಿ ನೆರಳು ಹಾಗೇ ಇತ್ತು. ಅದರಲ್ಲಿ ನಡೆಯುತ್ತಾ, ಒಟ್ಟಿಗೆ ಇದ್ದ ನನ್ನ ಅಪ್ಪ ಅಮ್ಮ ನನಗೆ ಸಿಕ್ಕಿದ್ದೇ ಆ ಒಂದು ಚಳಿಗಾಲ ಎಂದು ಮೊದಲ ಬಾರಿ ಹೊಳೆಯಿತು. ಅದಕ್ಕೆ ಮುಂಚೆ ಅವರಿಗೆ ಬಿಡುವಿರಲಿಲ್ಲ, ಆಮೇಲೆ ನಡುವೆ ಸಮುದ್ರ ಇತ್ತು.

ಆ ಸಲ ಕಾರ್ಕಳಕ್ಕೆ ಹೋದಾಗ ಅಮ್ಮನನ್ನು ಕೇಳಿದೆ. "ನೀನು ಆ ಜಾಗಗಳಿಗೆಲ್ಲ ಮತ್ತೆ ಹೋಗ್ತಿದ್ದೆಯಾ?"

ಅಮ್ಮ ಅಲಸಂಡೆ ಮುರಿಯುತ್ತಿದ್ದಳು. "ಎಲ್ಲಿಗೆ?"

"ತೋಟ, ಕೋಟೆ, ಗುಡ್ಡ. ಅಷ್ಟು ವರ್ಷ ಅಲ್ಲೇ ಇದ್ದೆಯಲ್ಲ?"

"ಡ್ಯೂಟಿ, ರೂಮು, ಡ್ಯೂಟಿ. ಬಸ್ಸಿನ ಕಿಟಕಿಯಿಂದ ನೋಡಿದ್ದೇ ಬಂತು. ಒಬ್ಬಳೇ ಹೋಗಿ ಎಂತ ನೋಡುವುದು?" ಇನ್ನೊಂದು ಕೋಡು ಮುರಿದು, "ಈಗ ಸರಿಯಾಗಿ ನೆನಪೂ ಇಲ್ಲ" ಎಂದಳು.

ಕುರ್ಚಿಯಲ್ಲಿದ್ದ ಅಪ್ಪ ಮುಖವನ್ನು ಅವಳ ಧ್ವನಿಯ ಕಡೆ ತಿರುಗಿಸಿದರು. "ನಾನು ಹೇಳ್ತೇನೆ, ಕೇಳು" ಎಂದು ಶುರು ಮಾಡಿದರು. ಗೋಡೆಯ ಮಣ್ಣಿನ ಬಣ್ಣ, ಅದರ ಮೇಲೆ ಬಿದ್ದ ಗರಿಗಳ ನೆರಳು, ಬೆಳಗಿನ ಮಂಜಿನಲ್ಲಿ ಗುಡ್ಡದ ತುದಿ ಮಾತ್ರ ತೇಲುವುದು, ಒಂಟೆಗಳ ರೆಪ್ಪೆ. ಒಂದನ್ನೂ ಬಿಡದೆ, ನಿಧಾನವಾಗಿ, ಎದುರಿಗೇ ಇರುವ ಹಾಗೆ ಹೇಳುತ್ತಾ ಹೋದರು. ಅಮ್ಮನ ಕೈ ನಿಂತಿತು. ಅಷ್ಟು ವರ್ಷ ಆ ಊರಿನಲ್ಲಿ ಬದುಕಿ ಬಂದವಳು ಅಪ್ಪನ ಮುಖವನ್ನೇ ನೋಡುತ್ತಾ ಕೂತಿದ್ದಳು.

"ಹೌದಾ?" ಎಂದಳು ಕೊನೆಗೆ. "ಅಷ್ಟು ಚಂದ ಉಂಟಾ ಆ ಊರು?"