ಮನೆ ಬಿಡಲು ಹೊರಟ ನಾಯಕಿ

ತೊಂಬತ್ತರ ದಶಕದ ಮೊದಲಲ್ಲಿ ಮದುವೆಯಾಗಿ ಪುಲಿಕೇಶಿನಗರಕ್ಕೆ ಬಂದಾಗ ನನಗೆ ಮಾತಿಗೆ ಸಿಗುತ್ತಿದ್ದವರು ಒಬ್ಬರೇ, ಕೆಳಗಿನ ಮನೆಯ ಆಂಟಿ. ಅವರು ವಾರಪತ್ರಿಕೆಗೆ ಧಾರಾವಾಹಿ ಬರೆಯುತ್ತಾರೆಂದು ಗೊತ್ತಿತ್ತು. ಬರೆಯುವ ಮೊದಲು ಪಾತ್ರಗಳ ಮಾತನ್ನು ಗಟ್ಟಿಯಾಗಿ ಆಡಿ ನೋಡುತ್ತಾರೆಂದು ಗೊತ್ತಿರಲಿಲ್ಲ.

ಒಂದು ಬೆಳಿಗ್ಗೆ ಟೆರೇಸಿನಲ್ಲಿ ಬಟ್ಟೆ ಹರವುತ್ತ ಅವರು, "ಸಾಕು ರೀ, ಇನ್ನು ಈ ಮನೇಲಿರಲ್ಲ. ನಾಳೆನೇ ಹೊರಟ್ಬಿಡ್ತೀನಿ," ಎನ್ನುತ್ತಿದ್ದುದು ಮೆಟ್ಟಿಲಲ್ಲಿದ್ದ ನನಗೆ ಕೇಳಿಸಿತು. ಹೇಗಾದರೂ ತಡೆಯಬೇಕೆನಿಸಿತು. ಬರಿಗೈಯಲ್ಲಿ ಹೋಗಲು ಧೈರ್ಯವಾಗದೆ, ಆಗಷ್ಟೇ ಮಾಡಿದ್ದ ಉಪ್ಪಿಟ್ಟನ್ನು ಡಬ್ಬಿಗೆ ಹಾಕಿಕೊಂಡು ಮೇಲಕ್ಕೆ ಓಡಿದೆ.

"ಹೋಗ್ಬೇಡಿ ಆಂಟಿ. ನೀವು ಹೋದ್ರೆ ನಾನ್ಯಾರ ಹತ್ರ ಮಾತಾಡ್ಲಿ?"

ಬಟ್ಟೆ ಕ್ಲಿಪ್ಪು ಕೈಯಲ್ಲೇ ಇಟ್ಟುಕೊಂಡು ಅವರು ನಕ್ಕಿದ್ದೇ ನಕ್ಕಿದ್ದು. "ಅಯ್ಯೋ ಹುಚ್ಚುಡುಗಿ, ಹೋಗ್ತಿರೋಳು ನನ್ನ ಕಥೆ ನಾಯಕಿ ಕಣೇ! ನಾನೆಲ್ಲಿಗೆ ಹೋಗ್ಲಿ? ಕೊಡು ಆ ಡಬ್ಬಿ."

ಕಾನ್ವೆಂಟಿನಲ್ಲಿ ಓದಿದ ನನಗೆ ಕನ್ನಡ ಓದುವುದು ನಿಧಾನ. ಎರಡು ವಾರದ ನಂತರ ಬಂದ ಆ ಕಂತನ್ನು ಬೆರಳಿಟ್ಟು ಓದಿದೆ. ನಾಯಕಿ ಪೆಟ್ಟಿಗೆ ಹಿಡಿದು ಹೊಸ್ತಿಲವರೆಗೆ ಬಂದಿದ್ದಳು. ಅಷ್ಟರಲ್ಲಿ ಮೇಲಿನ ಮನೆಯ ಹುಡುಗಿ ಬಿಸಿ ಉಪ್ಪಿಟ್ಟು ತಂದಳು. ನಾಯಕಿ ಪೆಟ್ಟಿಗೆ ಕೆಳಗಿಟ್ಟು ತಟ್ಟೆ ತರಲು ಒಳಗೆ ಹೋದಳು.

ಆ ಹಾಳೆ ಇನ್ನೂ ನನ್ನ ಬೀರುವಿನಲ್ಲಿದೆ. ಉಪ್ಪಿಟ್ಟಿಗೆ ಉಪ್ಪು ಒಂಚೂರು ಜಾಸ್ತಿಯಾಗಿತ್ತೆಂದೂ ಬರೆದಿದ್ದರು.